ಫರೀದಾಬಾದಿನ ಮಳೆಯಲ್ಲಿ ನನ್ನ ಸೈಕಲ್ಲು

"ಏನೇ, ಮಳೆ ಬಂತಾ ನಿಮ್ಮ ಕಡೆ?"

ಭಾನುವಾರ ಸಂಜೆ ಮ್ಯಾಂಚೆಸ್ಟರಿನಿಂದ ಅಣ್ಣನ ಫೋನು ಬಂದರೆ ಮೊದಲ ಪ್ರಶ್ನೆ ಇದೇ. ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ ಎಂಬುದೆಲ್ಲ ಆಮೇಲೆ. ತೀರ್ಥಹಳ್ಳಿ ಕಡೆಯವರಿಗೆ ಮಳೆಯೆಂದರೆ ಮನೆಯ ಹಿರಿಯರಿದ್ದ ಹಾಗೆ. ಮೊದಲು ಅದರ ಯೋಗಕ್ಷೇಮ ವಿಚಾರಿಸಿಯೇ ಮುಂದಿನ ಮಾತು.

ಅಣ್ಣ ಮ್ಯಾಂಚೆಸ್ಟರಿನಲ್ಲಿ ಸೈಕಲ್ ಹೊಡೆಯುತ್ತಾನೆ, ನಾನು ಫರೀದಾಬಾದಿನಲ್ಲಿ. ಅವನಿಗೆ ಈ ಹುಚ್ಚು ಹತ್ತಿದ್ದು 2012ರಲ್ಲಿ. ಬ್ರಾಡ್ಲಿ ವಿಗಿನ್ಸ್ ಟೂರ್ ಡಿ ಫ್ರಾನ್ಸ್ ಗೆದ್ದು, ಅದನ್ನು ಗೆದ್ದ ಮೊದಲ ಬ್ರಿಟಿಷ್ ಸವಾರನಾದ ವರ್ಷ ಅದು. ಲಂಡನ್ ಒಲಿಂಪಿಕ್ಸ್ ನಡೆದದ್ದೂ ಆಗಲೇ. ನೂರು ವರ್ಷಗಳಲ್ಲೇ ಅತಿ ಹೆಚ್ಚು ಮಳೆ ಸುರಿದ ಬ್ರಿಟಿಷ್ ಬೇಸಿಗೆಯೂ ಅದೇ! "ಹೊಸ ಸೈಕಲ್ ತಗೊಂಡು ಮೂರು ತಿಂಗಳು ಬರೀ ನೆಂದಿದ್ದೇ ಬಂತು" ಎಂದು ಇವತ್ತಿಗೂ ಗೊಣಗುತ್ತಾನೆ. ನಾನು ಮತ್ತೆ ಹ್ಯಾಂಡಲ್ ಹಿಡಿದದ್ದು 2020ರಲ್ಲಿ, ಲಾಕ್‌ಡೌನ್ ಸಡಿಲವಾದ ಮೇಲೆ. ರಸ್ತೆಗಳು ಖಾಲಿಯಿದ್ದವು, ಮನೆಯೊಳಗೆ ಕೂತು ಮೊಣಕಾಲು ಹಿಡಿದುಕೊಂಡಿತ್ತು. ಮಗನ ಹಳೆಯ ಸೈಕಲ್ಲಿಗೆ ಗಾಳಿ ತುಂಬಿಸಿ ಹೊರಟವಳು, ಶಾಲೆ ಮತ್ತೆ ತೆರೆದಾಗ ಅದರಲ್ಲೇ ಪಾಠ ಹೇಳಲು ಹೋಗತೊಡಗಿದೆ. ಮನೆಯಿಂದ ಶಾಲೆಗೆ ಆರು ಕಿಲೋಮೀಟರ್. ಹರಿಯಾಣದಲ್ಲಿ ನಲವತ್ತೇಳರ ಹೆಂಗಸು, ಅದೂ ಗಣಿತದ ಟೀಚರು, ಸೈಕಲ್ ಮೇಲೆ ಹೋಗುವುದೆಂದರೆ ಮೊದಲ ತಿಂಗಳು ನಾನೇ ಒಂದು ಮೆರವಣಿಗೆ. ಆಮೇಲೆ ಎಲ್ಲರಿಗೂ ಅಭ್ಯಾಸವಾಯಿತು.

ಇಷ್ಟೆಲ್ಲ ಹೇಳಿದ್ದು 2024ರ ಕತೆಗೆ ಬರಲು.

ಆ ಬೇಸಿಗೆ ಅಣ್ಣನ ಗೋಳು ಬೇರೆ, ನನ್ನ ಗೋಳು ಬೇರೆ. ಅಲ್ಲಿ 2015ರಿಂದೀಚೆಗಿನ ಅತ್ಯಂತ ತಂಪು ಬೇಸಿಗೆ. "ಇದೂ ಒಂದು ಬೇಸಿಗೆಯೇನೇ? ಜೂನ್ ತಿಂಗಳಲ್ಲಿ ಜಾಕೆಟ್ ಹಾಕ್ಕೊಂಡು ಸೈಕಲ್ ಹೊಡೀತಿದ್ದೀನಿ. ಮಳೆನೂ ಸರಿಯಾಗಿ ಬರಲ್ಲ, ಬಿಸಿಲೂ ಸರಿಯಾಗಿ ಬರಲ್ಲ. ಬರೀ ಜಿಟಿಜಿಟಿ." ಇಲ್ಲಿ ನಮಗೆ ಮೇ 29ರಂದು ದಿಲ್ಲಿಯ ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ. ಸೈಕಲ್ಲಿನ ಸೀಟು ಮುಟ್ಟಿದರೆ ದೋಸೆ ಕಾವಲಿ. "ನಿನ್ನ ಜಿಟಿಜಿಟಿನ ಒಂದು ಪಾರ್ಸಲ್ ಮಾಡಿ ಕಳಿಸು ಮಾರಾಯ" ಎಂದೆ. ಕಳಿಸಿದನೋ ಏನೋ, ಒಂದೇ ಕಂತಿನಲ್ಲಿ ಬಂತು.

ಆರಿದ್ರೆಯ ಕಂತು

ಜೂನ್ 28, ಶುಕ್ರವಾರ. ನಮ್ಮೂರ ಲೆಕ್ಕದಲ್ಲಿ ಆರಿದ್ರಾ ಮಳೆ. ಆರಿದ್ರೆ ಆರದೆ ಹೊಯ್ಯುತ್ತದೆ ಎಂಬ ಗಾದೆ ಮಲೆನಾಡಿಗೆ ಮಾತ್ರ ಎಂದುಕೊಂಡಿದ್ದೆ. ಅವತ್ತು ಬೆಳಗ್ಗೆ ಎಂಟೂವರೆಯವರೆಗಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಫ್ದರ್‌ಜಂಗ್‌ನಲ್ಲಿ ಬಿದ್ದದ್ದು 228.1 ಮಿ.ಮೀ. ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆ 1936ರ ನಂತರ ದಿಲ್ಲಿ ಕಂಡಿರಲಿಲ್ಲ. ಇಡೀ ಜೂನ್‌ಗೆ ಬರಬೇಕಾದದ್ದರ ಮೂರು ಪಟ್ಟು ಒಂದೇ ದಿನಕ್ಕೆ ಬಂದಿತ್ತು.

ಗಣಿತದ ಟೀಚರು ಸುಮ್ಮನಿರಲು ಸಾಧ್ಯವೇ? ಲೆಕ್ಕ ಹಾಕಿದೆ. ಮಳೆಯ ಊರೆಂದು ಹೆಸರಾದ ಲಂಡನ್‌ಗೆ ಇಡೀ ವರ್ಷದಲ್ಲಿ ಬೀಳುವುದು ಸುಮಾರು 600 ಮಿ.ಮೀ. ದಿಲ್ಲಿಯ ವಾರ್ಷಿಕ ಸರಾಸರಿ 750ಕ್ಕೂ ಮೇಲೆ. ಅಂದರೆ ಮಳೆಯ ಮೊತ್ತದಲ್ಲಿ ನಾವೇ ಮುಂದು! ವ್ಯತ್ಯಾಸ ಇರುವುದು ಹಂಚಿಕೆಯಲ್ಲಿ. ಅವರದ್ದು ವರ್ಷವಿಡೀ ಸಣ್ಣ ಸಣ್ಣ ಕಂತು. ನಮ್ಮದು ಮುಕ್ಕಾಲು ಪಾಲಿಗೂ ಹೆಚ್ಚು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಬೆರಳೆಣಿಕೆಯ ದಿನಗಳಲ್ಲಿ. ಲಂಡನ್ನಿನ ವರ್ಷದ ಮಳೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅವತ್ತು ಒಂದೇ ದಿನದಲ್ಲಿ ದಿಲ್ಲಿಯ ಮೇಲೆ ಬಿದ್ದಿತ್ತು.

ನಾನಾದರೋ ಆಗುಂಬೆಯ ಪಕ್ಕದವಳು. ಅಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು. ಚಿಕ್ಕಂದಿನಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ತಂದ ಗಂಡಸರ ಸೈಕಲ್ಲಿನಲ್ಲಿ ಒಳಪೆಡಲ್ ತುಳಿದು ಕಲಿತವಳು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಹ್ಯಾಂಡಲ್, ಎದುರಿಗೆ ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಹೊರಟವರು. ಅಂಥವಳು ದಿಲ್ಲಿಯ ಮಳೆಗೆ ಹೆದರುವುದುಂಟೆ ಎಂಬ ಜಂಬ ನನಗಿತ್ತು. ಸಹೋದ್ಯೋಗಿಗಳು ನಾಲ್ಕು ಹನಿಗೆ ಶಾಲೆಗೆ ರಜೆ ಕೇಳಿದರೆ ನಗುತ್ತಿದ್ದೆ. "ಇದು ಮಳೆಯಲ್ಲ, ನಮ್ಮೂರಲ್ಲಿ ಇದಕ್ಕೆ ಇಬ್ಬನಿ ಅಂತಾರೆ" ಎಂದು ಹಿಂದಿಯಲ್ಲಿ ಭಾಷಣ ಮಾಡಿದ್ದೂ ಉಂಟು.

ಆ ಜಂಬ ಇಳಿದದ್ದು ಜುಲೈ ಕೊನೆಯ ವಾರ.

ಮುಂಗಾಲಿ ಮಾಯವಾದ ಬೆಳಗು

ನಮ್ಮ ಮನೆ ಇರುವುದು ಮಥುರಾ ರಸ್ತೆಯ ಪೂರ್ವದ ಸೆಕ್ಟರಿನಲ್ಲಿ, ಶಾಲೆ ಎನ್.ಐ.ಟಿ.ಯಲ್ಲಿ. ನಡುವೆ ಹೆದ್ದಾರಿ ಮತ್ತು ರೈಲು ಹಳಿ. ನೀಲಂ ಚೌಕದ ಮೇಲ್ಸೇತುವೆ ಹತ್ತಿ ಇಳಿದರೆ ಎನ್.ಐ.ಟಿ. ಅವತ್ತು ರಾತ್ರಿಯಿಡೀ ಸುರಿದು ಬೆಳಗ್ಗೆ ನಿಂತಿತ್ತು. ಮನೆಯಿಂದ ಮುಖ್ಯ ರಸ್ತೆಗೆ ಬರುವ ಸೆಕ್ಟರಿನ ಒಳರಸ್ತೆಯಲ್ಲಿ ಮೊಣಕಾಲ ಕೆಳಗಿನ ಮಟ್ಟಕ್ಕೆ ನೀರು. ಕಾಫಿ ಬಣ್ಣದ, ಅಲುಗಾಡದ ನೀರು. ದಿನಾ ಓಡಾಡುವ ರಸ್ತೆ ತಾನೇ ಎಂದು ತುಳಿದುಕೊಂಡು ನುಗ್ಗಿದೆ. ಇಪ್ಪತ್ತು ಮಾರು ಹೋಗಿರಬೇಕು, ಮುಂದಿನ ಗಾಲಿ ಇದ್ದಕ್ಕಿದ್ದಂತೆ ಇಲ್ಲವಾಯಿತು. ರಸ್ತೆ ಬದಿಯ ಚರಂಡಿಯ ಮೇಲಿನ ಚಪ್ಪಡಿ ಯಾವತ್ತೋ ಒಡೆದು ಹೋಗಿತ್ತು. ಒಣ ದಿನಗಳಲ್ಲಿ ಕಣ್ಣಿಗೆ ಕಂಡು ಪಕ್ಕದಲ್ಲಿ ಹೋಗುತ್ತಿದ್ದೆ. ನೀರು ತುಂಬಿದಾಗ ರಸ್ತೆ ಯಾವುದು ಚರಂಡಿ ಯಾವುದು ಎಂಬ ಭೇದವೇ ಅಳಿಸಿತ್ತು.

ಎದೆಮಟ್ಟ ಒಳಗಿದ್ದೆ. ಬ್ಯಾಗಿನ ಪಟ್ಟಿ ಹ್ಯಾಂಡಲ್ಲಿಗೆ ಸಿಕ್ಕಿಕೊಂಡು ಎಳೆಯುತ್ತಿತ್ತು. ಒಂದು ಕಾಲು ಕೆಸರಿನಲ್ಲಿ ಹೂತಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ, ಬಹುಶಃ ಅರ್ಧ ನಿಮಿಷ. ಹಿಂದೆ ಬರುತ್ತಿದ್ದ ಒಬ್ಬರು ತಮ್ಮ ಸೈಕಲ್ಲನ್ನು ಅಡ್ಡ ಮಲಗಿಸಿ, ಅದರ ಕಂಬಿಯ ಮೇಲೆ ಒಂದು ಕಾಲಿಟ್ಟು, ನನ್ನ ಎರಡೂ ರಟ್ಟೆ ಹಿಡಿದು ಎಳೆದು ಹಾಕಿದರು. ವಯಸ್ಸು ಐವತ್ತೈದರ ಮೇಲೆ. ಬಿಹಾರದ ಮಾತು. ಲೇತ್ ಮೆಷಿನ್ ಕೆಲಸ. ಎಂಟು ಗಂಟೆಯ ಶಿಫ್ಟಿಗೆ ಹೊರಟವರು.

ನಾನು ನಡುಗುತ್ತಾ ನಿಂತಿದ್ದೆ. ಅವರು ನನ್ನ ಸೈಕಲ್ಲನ್ನೂ ಎಳೆದು ತೆಗೆದು, ಚೈನು ಕೂರಿಸಿ, ಬೈಯದೆ, ಉಪದೇಶದ ದನಿಯೂ ಇಲ್ಲದೆ ಒಂದು ಮಾತು ಹೇಳಿದರು: "ಬೇಟಿ, ತಳ ಕಾಣದ ನೀರಿನಲ್ಲಿ ಸೈಕಲ್ ಮೇಲೆ ಕೂರಬಾರದು. ಇಳಿದು ಸೈಕಲ್ಲನ್ನು ಮುಂದೆ ಬಿಡಬೇಕು. ಗುಂಡಿಯಿದ್ದರೆ ಮೊದಲು ಗಾಲಿ ಬೀಳಲಿ, ಮನುಷ್ಯ ಆಮೇಲೆ."

ಅವರ ಹೆಸರು ಕೇಳಲು ನನಗೆ ತೋಚಲಿಲ್ಲ. ಶಿಫ್ಟಿಗೆ ತಡವಾಗಿ ಅವರಿಗೆ ಅರ್ಧ ದಿನದ ಕೂಲಿ ಹೋಯಿತೇನೋ ಎಂಬ ಯೋಚನೆಯೂ ಮನೆಗೆ ಬಂದು ಬಿಸಿನೀರು ಹುಯ್ದುಕೊಂಡ ಮೇಲಷ್ಟೇ ಬಂದದ್ದು.

ಮನೆಯಲ್ಲಿ ತೀರ್ಮಾನ ತಕ್ಷಣ ಆಯಿತು. ಯಜಮಾನರು ಸೈಕಲ್ಲನ್ನು ಬಾಲ್ಕನಿಯ ಮೂಲೆಗೆ ನಿಲ್ಲಿಸಿ ಬೀಗ ಹಾಕಿ ಬೀಗದ ಕೈ ತಮ್ಮಲ್ಲೇ ಇಟ್ಟುಕೊಂಡರು. ಅಮ್ಮ ತೀರ್ಥಹಳ್ಳಿಯಿಂದ ಫೋನಿನಲ್ಲಿ ಅತ್ತರು. ಅಣ್ಣ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ನಾನು ಎಷ್ಟು ನೆಂದರೂ ನೆಲ ಇದೆ ಅನ್ನೋದು ಗೊತ್ತಿರುತ್ತೆ ಕಣೇ" ಎಂದ. ಅವನು ಹೋಗುವುದು ಫ್ಯಾಲೋಫೀಲ್ಡ್ ಲೂಪ್ ಎಂಬ ದಾರಿಯಲ್ಲಿ. ಹಿಂದೆ ರೈಲು ಓಡುತ್ತಿದ್ದ ಹಳಿಯ ಜಾಗವನ್ನು ಸೈಕಲ್ ಹೊಡೆಯುವವರಿಗೆ, ನಡೆಯುವವರಿಗೆ ಬಿಟ್ಟುಕೊಟ್ಟದ್ದು. ಅವನ ಮಳೆ ಅವನನ್ನು ಬೇಸರಪಡಿಸುತ್ತದೆ, ಅಷ್ಟೆ. ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಕೊರೆಯಿತು.

ಮಿಸ್ತ್ರಿಯ ಪಾಠಶಾಲೆ

ಎರಡು ವಾರ ಆಟೋದಲ್ಲಿ ಓಡಾಡಿದೆ. ಆಟೋ ನಿಂತಲ್ಲೇ ನಿಂತಿರುವಾಗ ಪಕ್ಕದಲ್ಲಿ ಹೋಗುವವರನ್ನು ನೋಡುವುದೇ ಕೆಲಸ. ಅಷ್ಟು ವರ್ಷ ಅದೇ ರಸ್ತೆಯಲ್ಲಿ ಸೈಕಲ್ ಹೊಡೆದರೂ ನಾನು ಅವರನ್ನು ನೋಡಿರಲೇ ಇಲ್ಲ ಎಂಬುದು ಆಗ ಗೊತ್ತಾಯಿತು.

ಫರೀದಾಬಾದು ಕಾರ್ಖಾನೆಗಳ ಊರು. ಮೆಟ್ರೋ ನಿಲ್ದಾಣಗಳ ಹೆಸರು ಕೇಳಿದರೇ ಸಾಕು: ಬಾಟಾ ಚೌಕ, ಎಸ್ಕಾರ್ಟ್ಸ್ ಮುಜೇಸರ್. ಒಂದು ಕಾಲಕ್ಕೆ ನಮ್ಮೂರ ಅಡಿಕೆ ಮಂಡಿ ಸಾಹುಕಾರರು ಹೆಮ್ಮೆಯಿಂದ ಓಡಿಸುತ್ತಿದ್ದ ರಾಜದೂತ್ ಬೈಕು ತಯಾರಾಗಿ ಬಂದದ್ದು ಇಲ್ಲಿಂದ. ಬೆಳಗ್ಗೆ ಏಳರಿಂದ ಎಂಟರವರೆಗೆ ಆ ಕಾರ್ಖಾನೆಗಳ ಕಡೆಗೆ ಹರಿಯುವುದು ಸೈಕಲ್ಲುಗಳ ಸಾಲು. 2011ರ ಜನಗಣತಿ ಕೃಷಿ ಮತ್ತು ಮನೆಗೆಲಸದ ಕೈಗಾರಿಕೆ ಬಿಟ್ಟು ಉಳಿದ ದುಡಿಮೆಗಾರರನ್ನು ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿತ್ತು. ದೇಶದಲ್ಲಿ ಸುಮಾರು ಶೇ. 13 ಮಂದಿ ಸೈಕಲ್ ಎಂದಿದ್ದರು. ನಮ್ಮಂಥವರು ಹೆಲ್ಮೆಟ್ ಹಾಕಿ, ಫೋನಿನಲ್ಲಿ ಕಿಲೋಮೀಟರ್ ಅಳೆದು ಫೋಟೋ ಹಾಕುವವರು ಆ ಲೆಕ್ಕದ ಒಂದು ಮೂಲೆಗೂ ಸಾಲದವರು.

ಅವರ ಮಳೆಯ ಸಿದ್ಧತೆ ನೋಡಬೇಕು. ಸೀಟಿಗೊಂದು ಪ್ಲಾಸ್ಟಿಕ್ ಚೀಲ. ಟಿಫನ್ ಡಬ್ಬಿಗೆ ಎರಡು ಚೀಲ, ಒಂದು ಮೇಲ್ಮುಖ ಒಂದು ಕೆಳಮುಖ. ಪ್ಯಾಂಟು ಮೊಣಕಾಲಿಗೆ ಮಡಚಿ, ಚಪ್ಪಲಿ ಹ್ಯಾಂಡಲ್ಲಿಗೆ ನೇತುಹಾಕಿ. ಎದುರಿನವ ಹೋದ ಗೆರೆಯಲ್ಲೇ ಹಿಂದಿನವ. ಎದುರಿನವ ತಪ್ಪಿಸಿದ ಕಡೆ ಹಿಂದಿನವರೆಲ್ಲ ತಪ್ಪಿಸುತ್ತಾರೆ. ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆದ ಹಾಗೆ. ಇದು ಯಾವ ಕ್ಲಬ್ಬೂ ಕಲಿಸದ ವಿದ್ಯೆ.

ಎನ್.ಐ.ಟಿ.ಯ ಒಂದು ಮೂಲೆಯಲ್ಲಿ ಬೇವಿನ ಮರದ ಕೆಳಗೆ ಸೈಕಲ್ ಮಿಸ್ತ್ರಿಯೊಬ್ಬರಿದ್ದಾರೆ. ಚಾಚಾ ಎಂದೇ ಎಲ್ಲರೂ ಕರೆಯುವುದು. ಚರಂಡಿಯಲ್ಲಿ ಬಿದ್ದ ನನ್ನ ಸೈಕಲ್ಲನ್ನು ಮಾರುವ ಮುಂಚೆ ಸರಿ ಮಾಡಿಸೋಣ ಎಂದು, ಬೀಗದ ಕೈ ಕಾಡಿ ಬೇಡಿ ಪಡೆದು, ಅವರ ಬಳಿ ಒಯ್ದೆ. ಬಿಚ್ಚಿದರೆ ಪೆಡಲಿನ ಅಚ್ಚಿನ ಒಳಗಿನ ಗುಂಡುಗಳ ಜಾಗದಲ್ಲಿ ಕೆಸರು. ಸೀಮೆಎಣ್ಣೆಯಲ್ಲಿ ತೊಳೆಯುತ್ತಾ ಚಾಚಾ ಪಾಠ ಹೇಳಿದರು.

ಮಳೆಯಲ್ಲಿ ಪಂಕ್ಚರ್ ಏಕೆ ಹೆಚ್ಚು? ನೀರು ಗಾಜಿನ ಚೂರು, ಮೊಳೆಗಳನ್ನು ರಸ್ತೆಗೆ ತಂದು ಹಾಕುತ್ತದೆ. ಜೊತೆಗೆ ಒದ್ದೆ ರಬ್ಬರಿನೊಳಗೆ ಗಾಜು ಜಾರಿಕೊಂಡು ಒಳಹೋಗುತ್ತದೆ, ಒಣ ರಬ್ಬರಿನಲ್ಲಿ ಅಷ್ಟು ಸುಲಭವಲ್ಲ. ಬ್ರೇಕ್ ಏಕೆ ಹಿಡಿಯುವುದಿಲ್ಲ? ಬ್ರೇಕಿನ ರಬ್ಬರ್ ಮೊದಲು ರಿಮ್ಮಿನ ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಹೊಳೆಯುವ ಸ್ಟೀಲ್ ರಿಮ್ಮಾದರೆ ಇನ್ನೂ ಕಷ್ಟ. ಆದ್ದರಿಂದ ನಿಲ್ಲಬೇಕಾದ ಜಾಗಕ್ಕಿಂತ ಬಹಳ ಮುಂಚೆಯೇ ಮೆಲ್ಲಗೆ ಒತ್ತಿ ಬಿಡಬೇಕು. ಚಕ್ರಕ್ಕೆ ಗಾಳಿ ಸ್ವಲ್ಪ ಕಡಿಮೆ ಇರಲಿ. ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಇವುಗಳ ಮೇಲೆ ತಿರುಗಿಸಬೇಡಿ. ಮನೆಗೆ ಹೋದ ಕೂಡಲೇ ಚೈನು ಒರೆಸಿ ಎರಡು ಹನಿ ಎಣ್ಣೆ. ಎಲ್ಲಕ್ಕಿಂತ ಮುಖ್ಯ, ನೀರಿನಲ್ಲಿ ನಿಂತ ವಿದ್ಯುತ್ ಕಂಬವನ್ನು ಮುಟ್ಟಬೇಡಿ, ಆಸರೆಗೂ ಹಿಡಿಯಬೇಡಿ.

ಕೊನೆಗೆ ಕೇಳಿದರು: "ಮ್ಯಾಡಂ, ಇದನ್ನು ಮಾರುತ್ತೀರಂತೆ?"

"ಮನೆಯಲ್ಲಿ ಬೇಡ ಅಂತಾರೆ ಚಾಚಾ."

"ಮಾರಿ. ಗಿರಾಕಿ ನಾನೇ ಹುಡುಕಿ ಕೊಡ್ತೀನಿ. ಅವನೂ ಅದೇ ರಸ್ತೆಯಲ್ಲೇ ಹೋಗುವವನು."

ಚಾಚಾ ಚುಚ್ಚಿ ಹೇಳಿದ್ದಲ್ಲ, ವ್ಯಾಪಾರದ ಮಾತಾಗಿಯೇ ಹೇಳಿದ್ದು. ಆದರೆ ನನಗೆ ಗುಂಡಿ ನೆನಪಾಯಿತು. ನಾನು ಬಿಟ್ಟರೂ ಗುಂಡಿ ಅಲ್ಲೇ ಇರುತ್ತದೆ, ಸೈಕಲ್ಲೂ ಅದೇ ದಾರಿಯಲ್ಲಿ ಹೋಗುತ್ತಿರುತ್ತದೆ, ಸವಾರ ಮಾತ್ರ ಬೇರೆ. ಸೈಕಲ್ ಮಾರಲಿಲ್ಲ. ಯಜಮಾನರ ಜೊತೆ ಒಪ್ಪಂದವಾಯಿತು: ನೀರು ಕಂಡಲ್ಲಿ ಇಳಿಯುವುದು, ತಳ ಕಾಣದಿದ್ದರೆ ಸುತ್ತು ದಾರಿ, ತಡವಾದರೆ ಆಗಲಿ.

ಅಂಡರ್‌ಪಾಸಿನ ರಾತ್ರಿ

ಆ ವರ್ಷದ ಮಳೆ ನಿಲ್ಲುವ ಲಕ್ಷಣವೇ ಕಾಣಲಿಲ್ಲ. ದಿಲ್ಲಿಯ ಮಾಪನ ಸಾವಿರ ಮಿ.ಮೀ. ದಾಟಿತು. ಹುಬ್ಬೆ ಮಳೆ ಮುಗಿದು ಉತ್ತರೆ ಕಾಲಿಡುವ ಹೊತ್ತು, ಸೆಪ್ಟೆಂಬರ್ 13ರ ಶುಕ್ರವಾರ ರಾತ್ರಿ, ಹಳೇ ಫರೀದಾಬಾದಿನ ರೈಲ್ವೆ ಅಂಡರ್‌ಪಾಸಿನಲ್ಲಿ ತುಂಬಿ ನಿಂತ ನೀರಿಗೆ ಒಂದು ಕಾರು ಇಳಿಯಿತು. ಗುರುಗ್ರಾಮದಲ್ಲಿ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಇಬ್ಬರು ಬ್ಯಾಂಕ್ ಉದ್ಯೋಗಿಗಳು ಅದರಲ್ಲಿದ್ದರು. ಇಬ್ಬರೂ ಬದುಕಲಿಲ್ಲ. ಎತ್ತರದ, ಗಟ್ಟಿಮುಟ್ಟಾದ, ದುಬಾರಿ ಕಾರು. ದೇಶದಾದ್ಯಂತ ಪತ್ರಿಕೆಗಳಲ್ಲಿ ಬಂದ ಸುದ್ದಿ ಇದು, ನಿಮಗೂ ನೆನಪಿರಬಹುದು.

ನಮ್ಮ ಮನೆಗೆ ಆ ಅಂಡರ್‌ಪಾಸು ದೂರವಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮಳೆಯೆಂದರೆ ಸೈಕಲ್ಲಿನವರ, ಕಾಲ್ನಡಿಗೆಯವರ ಕಷ್ಟ. ಕಾರು ಕೊಂಡರೆ ಪಾರು ಎಂದು ನಾವೆಲ್ಲ ಒಳಗೊಳಗೇ ನಂಬಿದ್ದೆವು. ತಳ ಕಾಣದ ನೀರಿಗೆ ಅದೊಂದೂ ಲೆಕ್ಕವಿಲ್ಲ. ಲೇತ್ ಮೆಷಿನ್ನಿನ ಆ ಹಿರಿಯರು ಹೇಳಿದ ಮಾತನ್ನು ನನ್ನ ತರಗತಿಯ ಬೋರ್ಡಿನ ಮೇಲೆ ಹಿಂದಿಯಲ್ಲಿ ಬರೆದೆ. ಅದು ಆ ವಾರವಿಡೀ ಅಲ್ಲೇ ಇತ್ತು. ತ್ರಿಕೋನಮಿತಿ ಉಳಿದ ಅರ್ಧ ಬೋರ್ಡಿನಲ್ಲಿ ನಡೆಯಿತು.

ಕೆರೆ ಕಟ್ಟಿದ ಊರು

ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ ಮಳೆ ಬಿಡುವು ಕೊಟ್ಟಿತ್ತು. ಬೆಳಗ್ಗೆ ಐದೂವರೆಗೆ ಹೊರಟು ಅರಾವಳಿಯ ಕಡೆಗೆ ತಿರುಗಿಸಿದೆ. ನೀರು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ನೋಡಿಬಿಡೋಣ ಎನಿಸಿತ್ತು.

ಫರೀದಾಬಾದಿನ ನಕ್ಷೆ ಪಟ್ಟೆ ಪಟ್ಟೆ ಸೀರೆಯಂತೆ. ಪಶ್ಚಿಮಕ್ಕೆ ಅರಾವಳಿಯ ಗುಡ್ಡ. ಅಲ್ಲಿಂದ ಕೆಳಗಿಳಿದರೆ ಎನ್.ಐ.ಟಿ., ಆಮೇಲೆ ರೈಲು ಹಳಿ, ಅದರ ಪಕ್ಕ ಮಥುರಾ ರಸ್ತೆ, ಆಮೇಲೆ ನಮ್ಮ ಸೆಕ್ಟರುಗಳು, ಓಖ್ಲಾದಿಂದ ಹೊರಟು 1874ರಿಂದ ಹರಿಯುತ್ತಿರುವ ಆಗ್ರಾ ಕಾಲುವೆ, ಕಾಲುವೆಯಾಚೆ ನೆಹರ್‌ಪಾರ್ ಎಂದು ಕರೆಯುವ ಹೊಸ ಅಪಾರ್ಟ್‌ಮೆಂಟುಗಳ ಊರು, ಕೊನೆಗೆ ಯಮುನೆ. ಗುಡ್ಡದ ನೀರು ಯಮುನೆ ಸೇರಲು ಇಷ್ಟನ್ನೂ ದಾಟಬೇಕು. ಹಳಿಯ ದಿಬ್ಬ ಒಂದು ಅಡ್ಡಗೋಡೆ, ಹೆದ್ದಾರಿ ಇನ್ನೊಂದು, ಕಾಲುವೆಯ ಏರಿ ಮತ್ತೊಂದು. ಮೂರನ್ನೂ ಮೇಲಿನಿಂದ ದಾಟಲು ನಮಗೆ ಸೇತುವೆಗಳಿವೆ. ನೀರು ಸೇತುವೆ ಹತ್ತುವುದಿಲ್ಲ. ಅದು ತಗ್ಗು ಹುಡುಕುತ್ತದೆ, ಮತ್ತು ಊರಿನ ಅತಿ ತಗ್ಗಿನ ಜಾಗಗಳೆಂದರೆ ನಾವೇ ತೋಡಿದ ಅಂಡರ್‌ಪಾಸುಗಳು.

ಸೂರಜ್‌ಕುಂಡದ ಬಳಿ ಸೈಕಲ್ ನಿಲ್ಲಿಸಿ ಕೂತೆ. ಪ್ರತಿ ಫೆಬ್ರವರಿಯ ಕರಕುಶಲ ಮೇಳಕ್ಕೆ ಚನ್ನಪಟ್ಟಣದ ಗೊಂಬೆ ಹುಡುಕಿಕೊಂಡು ಹೋಗುವ ನಮ್ಮವರಿಗೆ ಆ ಹೆಸರು ಚೆನ್ನಾಗಿ ಗೊತ್ತು. ಹೆಸರು ಬಂದದ್ದು ಮಾತ್ರ ಹತ್ತನೇ ಶತಮಾನದ ಒಂದು ಕುಂಡದಿಂದ: ತೋಮರ ದೊರೆ ಸೂರಜ್‌ಪಾಲ ಕಟ್ಟಿಸಿದ, ಗುಡ್ಡದ ಮಳೆನೀರು ಬಂದು ತುಂಬಲೆಂದು ಮೆಟ್ಟಿಲು ಮೆಟ್ಟಿಲಾಗಿ ಅರ್ಧಚಂದ್ರಾಕಾರದಲ್ಲಿ ಇಳಿಸಿದ ಕಲ್ಲಿನ ಕೊಳ. ಅಲ್ಲಿಂದ ಸ್ವಲ್ಪ ದೂರದ ಅನಂಗಪುರದಲ್ಲಿ ತೋಮರರದ್ದೇ ಕಾಲದ ಕಲ್ಲಿನ ಅಣೆಕಟ್ಟು ಇವತ್ತಿಗೂ ನಿಂತಿದೆ. 1607ರಲ್ಲಿ ಜಹಾಂಗೀರನ ಖಜಾಂಚಿ ಶೇಖ್ ಫರೀದ್ ದಿಲ್ಲಿ-ಆಗ್ರಾ ಹೆದ್ದಾರಿಯ ಕಾವಲಿಗೆಂದು ಫರೀದಾಬಾದ್ ಕಟ್ಟಿಸಿದಾಗ ಒಂದು ಕೋಟೆ, ಒಂದು ಮಸೀದಿ ಕಟ್ಟಿಸಿದ. ಜೊತೆಗೆ ಒಂದು ಕೆರೆ. ಊರೆಂದರೆ ನೀರಿಗೆ ಮೊದಲು ಜಾಗ ಎಂಬ ಲೆಕ್ಕ ಅವರಿಗಿತ್ತು.

ನಾನು ಪಾಠ ಹೇಳುವ ಎನ್.ಐ.ಟಿ.ಯ ಕತೆಯಲ್ಲಿ ನಮ್ಮ ಮಂಗಳೂರಿನ ಹೆಣ್ಣುಮಗಳೊಬ್ಬರಿದ್ದಾರೆ. ದೇಶವಿಭಜನೆಯ ನಂತರ ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಹತ್ತಾರು ಸಾವಿರ ನಿರಾಶ್ರಿತರಿಗಾಗಿ ಎದ್ದ ಊರು ಅದು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮತ್ತು ಅವರು ಕಟ್ಟಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ನಿನ ಗೆಳೆಯರು ಇಲ್ಲಿ ದುಡಿದರು. ಭಿಕ್ಷೆಯ ಅನ್ನ ಬೇಡ, ತಮ್ಮ ಮನೆಗಳನ್ನು ತಾವೇ ಕಟ್ಟಿಕೊಳ್ಳಲಿ, ಅದಕ್ಕೆ ಕೂಲಿ ಸಿಗಲಿ ಎಂಬುದು ಅವರ ಹಟ. ಆ ಪ್ರಯೋಗದ ಕತೆಯನ್ನು ಅದರಲ್ಲಿ ಭಾಗಿಯಾಗಿದ್ದ ಎಲ್.ಸಿ. ಜೈನ್ ಮುಂದೆ ಪುಸ್ತಕವಾಗಿ ಬರೆದರು. ಎನ್.ಐ.ಟಿ.ಯ ಹಳೆಯ ಮನೆಗಳ ಮುಂದೆ ಸೈಕಲ್ ಹೊಡೆಯುವಾಗಲೆಲ್ಲ ನನಗೆ, ಇಲ್ಲಿ ನಾವು ತೀರಾ ಹೊರಗಿನವರಲ್ಲ ಎನಿಸುವುದುಂಟು.

ಕೊನೆಗೆ ಬಡ್‌ಖಲ್. ಒಂದು ಕಾಲಕ್ಕೆ ದಿಲ್ಲಿಯವರು ಭಾನುವಾರ ದೋಣಿ ವಿಹಾರಕ್ಕೆ ಬರುತ್ತಿದ್ದ ಕೆರೆ. ಈ ಶತಮಾನದ ಶುರುವಿನಿಂದ ಒಣಗಿ ನಿಂತದ್ದು. ಸುತ್ತಲಿನ ಗುಡ್ಡಗಳನ್ನು ಕಲ್ಲಿಗಾಗಿ ಅಗೆದರು, ಕೆರೆಗೆ ಬರುತ್ತಿದ್ದ ಹಳ್ಳಗಳ ದಾರಿ ಕಟ್ಟಿತು, ಅಂತರ್ಜಲ ಆಳಕ್ಕಿಳಿಯಿತು. 2009ರಲ್ಲಿ ಸುಪ್ರೀಂ ಕೋರ್ಟ್ ಫರೀದಾಬಾದ್, ಗುರುಗ್ರಾಮ, ಮೇವಾತ್‌ಗಳ ಅರಾವಳಿಯಲ್ಲಿ ಗಣಿಗಾರಿಕೆ ನಿಲ್ಲಿಸಿತಾದರೂ ಹೋದ ನೀರು ತಾನಾಗಿ ಮರಳಲಿಲ್ಲ. ಆಮೇಲೆ ಸಂಸ್ಕರಿಸಿದ ಕೊಳಚೆ ನೀರು ಬಿಟ್ಟು ಕೆರೆ ತುಂಬಿಸುವ ಯೋಜನೆ ಹಾಕಿಕೊಂಡರು. ಅಂಥ ಮಳೆಯ ವರ್ಷದಲ್ಲೂ ನಾನು ಅವತ್ತು ಕಂಡದ್ದು ಹಸಿರು ಹುಲ್ಲು, ಅಲ್ಲಲ್ಲಿ ಮಡುಗಟ್ಟಿದ ನೀರು.

ಒಡ್ಡಿನ ಮೇಲೆ ನಿಂತು ಅಪ್ಪನನ್ನು ನೆನೆದೆ. ರೋಹಿಣಿ ಮಳೆಗೆ ಮುಂಚೆಯೇ ಅವರು ಆಳುಗಳನ್ನು ಕರೆದು ತೋಟದ ಬಸಿಗಾಲುವೆಯ ಹೂಳು ತೆಗೆಸುತ್ತಿದ್ದರು. "ಮಳೆಗೆ ಬಾ ಅನ್ನೋಕೆ ಮುಂಚೆ ಹೋಗೋಕೆ ದಾರಿ ಮಾಡಿಡಬೇಕು" ಎನ್ನುತ್ತಿದ್ದರು. ಒಂದು ವರ್ಷ ತಡವಾದರೆ ಅಡಿಕೆ ಮರದ ಬುಡ ಕೊಳೆಯುತ್ತಿತ್ತು. ಆಗುಂಬೆಯ ಪಕ್ಕದ ನಮ್ಮೂರಿನ ರಸ್ತೆಯಲ್ಲಿ ನಾನು ಸೈಕಲ್ ಹೊಡೆಯಲು ಆಗುತ್ತಿದ್ದದ್ದು ನನ್ನ ಧೈರ್ಯದಿಂದಲ್ಲ. ಬಿದ್ದ ನೀರು ಹಳ್ಳಕ್ಕೆ, ಹಳ್ಳ ತುಂಗೆಗೆ ಹೋಗುತ್ತಿತ್ತು, ಅದಕ್ಕೆ. ಇಲ್ಲಿ ಕೆರೆಗೆ ಹೋಗಬೇಕಾದ ನೀರು ದಾರಿ ಸಿಗದೆ ರಸ್ತೆಗೆ ಬಂದಿದೆ. ಕೆರೆ ಒಣಗಿದ್ದೂ ರಸ್ತೆ ಮುಳುಗಿದ್ದೂ ಬೇರೆ ಬೇರೆ ಸುದ್ದಿಗಳೆಂದು ಅಲ್ಲಿಯವರೆಗೆ ಓದುತ್ತಿದ್ದೆ. ಸಹೋದ್ಯೋಗಿಗಳಿಗೆ ಮಾಡಿದ ಆ ಇಬ್ಬನಿ ಭಾಷಣ ನೆನಪಾಗಿ ನಾಚಿಕೆಯಾಯಿತು.

ಹನ್ನೊಂದು ಗುಂಡಿ

ಮಳೆಗಾಲದಲ್ಲಿ ಸೈಕಲ್ ಬಿಟ್ಟರೆ ಏನಂತೆ, ಉಳಿದ ತಿಂಗಳು ಹೊಡೆಯಬಹುದಲ್ಲ ಎಂದು ನೀವು ಕೇಳಬಹುದು. ದಿಲ್ಲಿ ಸುತ್ತಿನ ಸೈಕಲ್ ಪಂಚಾಂಗ ಹೀಗಿದೆ: ಏಪ್ರಿಲ್‌ನಿಂದ ಜೂನ್ ಬೆಂಕಿ. ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಹೊಗೆ, ಮಂಜು. ಅದೇ 2024ರ ನವೆಂಬರ್ 18ರಂದು ದಿಲ್ಲಿಯ ವಾಯು ಗುಣಮಟ್ಟದ ಸೂಚ್ಯಂಕ 490 ದಾಟಿತು. 400 ದಾಟಿದರೇ ಗಂಭೀರ ಎನ್ನುತ್ತಾರೆ. ಶಾಲೆಗಳು ಮುಚ್ಚಿ ಪಾಠ ಫೋನಿಗೆ ಬಂತು. ವರ್ಷದಲ್ಲಿ ಇಲ್ಲಿನ ಗಾಳಿ ಅತ್ಯಂತ ಶುದ್ಧವಾಗಿರುವುದು ಜುಲೈ, ಆಗಸ್ಟ್, ಸೆಪ್ಟೆಂಬರ್. ನಾವು ಶಪಿಸುವ ಆ ಮಳೆಯೇ ಗಾಳಿಯನ್ನು ತೊಳೆಯುವುದು. ಎದೆ ತುಂಬ ಉಸಿರೆಳೆದು ಪೆಡಲ್ ತುಳಿಯಬಹುದಾದ ಮೂರು ತಿಂಗಳಲ್ಲಿ ಕಾಲಿಡಲು ನೆಲವಿಲ್ಲ ಎಂದರೆ, ಆ ನಷ್ಟಕ್ಕೆ ಏನೆನ್ನಬೇಕು?

ಆ ಚಳಿಗಾಲದಲ್ಲಿ ಒಂದು ಕೆಲಸ ಮಾಡಿದೆವು. ನನ್ನ ಹತ್ತನೇ ತರಗತಿಯ ಮಕ್ಕಳಿಗೆ ಪ್ರಾಜೆಕ್ಟ್ ಕೊಟ್ಟೆ: ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ಮುಚ್ಚಳವಿಲ್ಲದ ಚರಂಡಿ ಬಾಯಿಗಳನ್ನು ಎಣಿಸಿ, ಅಳೆದು, ನಕ್ಷೆಯಲ್ಲಿ ಗುರುತಿಸಿ. ನನ್ನ ಆರು ಕಿಲೋಮೀಟರಿನಲ್ಲೇ ಹನ್ನೊಂದು ಸಿಕ್ಕವು. ಮಕ್ಕಳ ನಕ್ಷೆ, ಫೋಟೋ, ಅಳತೆ ಸೇರಿಸಿ ಸೆಕ್ಟರಿನ ನಿವಾಸಿಗಳ ಹೆಸರಿನಲ್ಲಿ ಅರ್ಜಿ ಕೊಟ್ಟೆವು. ಮೂರು ಸಲ ಹೋಗಿ ಬಂದೆವು. ಮರುವರ್ಷದ ಮಳೆಗೆ ಮುಂಚೆ ಹನ್ನೊಂದರಲ್ಲಿ ಏಳಕ್ಕೆ ಚಪ್ಪಡಿ ಬಿತ್ತು, ನಾನು ಬಿದ್ದದ್ದೂ ಸೇರಿ. ಉಳಿದ ನಾಲ್ಕರ ಪಕ್ಕ ಚಾಚಾ ಕೊಟ್ಟ ಬಿದಿರು ಗಳುವಿಗೆ ಕೆಂಪು ಬಟ್ಟೆ ಕಟ್ಟಿ ನೆಟ್ಟಿದ್ದೇವೆ. ಮಳೆ ಜೋರಾದ ಮರುದಿನ ಹೋಗಿ ಗಳು ಬಿದ್ದಿದೆಯೇ ನೋಡುವುದು ಮಕ್ಕಳ ಪಾಳಿ.

ಲೇತ್ ಮೆಷಿನ್ನಿನ ಆ ಹಿರಿಯರು ಮತ್ತೆ ಸಿಗಲಿಲ್ಲ. ಬೆಳಗಿನ ಸೈಕಲ್ ಸಾಲಿನಲ್ಲಿ ಬಿಳಿಗೂದಲು ಕಂಡಾಗಲೆಲ್ಲ ಮುಖ ನೋಡುತ್ತೇನೆ. ಅವರು ಆ ಚಪ್ಪಡಿಯ ಮೇಲೆ ದಿನಾ ಹಾದುಹೋಗುತ್ತಿರಬಹುದು.

ಮೊನ್ನೆ ಭಾನುವಾರ ಅಣ್ಣನ ಫೋನು. ಅಲ್ಲಿ ಮತ್ತೆ ಜಿಟಿಜಿಟಿ ಶುರುವಾಗಿದೆಯಂತೆ. ಗೊಣಗಿದ್ದೆಲ್ಲ ಮುಗಿದ ಮೇಲೆ ಕೇಳಿದ: "ನಿಮ್ಮ ಕಡೆ ಮಳೆ ಬಂತಾ?"

"ಬಂತು ಅಣ್ಣ."

"ಎಷ್ಟು ಬಂತು?"

"ಎಷ್ಟು ಬಂತು ಅಂತ ಕೇಳ್ಬೇಡ. ಎಲ್ಲಿಗೆ ಹೋಯ್ತು ಅಂತ ಕೇಳು" ಎಂದೆ. ಆಚೆ ಕಡೆ ಅವನು ನಕ್ಕ. ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಒದ್ದೆ ಚೈನು ಒರೆಸಿ ಎರಡು ಹನಿ ಎಣ್ಣೆ ಬಿಟ್ಟೆ.